ಓದುಗರ ಪ್ರಶ್ನೆ: ಕ್ಷುದ್ರಗ್ರಹ ಕಂಡವರು ಯಾರು, ಹೆಸರಿಡುವವರು ಯಾರು?

ಕ್ಷುದ್ರಗ್ರಹಗಳ ಬಗ್ಗೆ ಬಂದ ಪತ್ರಗಳನ್ನು ಈ ಸಲ ಒಟ್ಟಿಗೇ ತೆಗೆದುಕೊಂಡಿದ್ದೇವೆ. ಒಂದೇ ಅರ್ಥದವನ್ನು ಸೇರಿಸಿ ಒಂದು ಮಾಡಿದ್ದೇವೆ.

ಪ್ರಶ್ನೆ: ನಮ್ಮ ತಾಲ್ಲೂಕಿನ ಹೈಸ್ಕೂಲ್ ಮಕ್ಕಳು ‘ಹೊಸ ಕ್ಷುದ್ರಗ್ರಹ ಕಂಡುಹಿಡಿದಿದ್ದಾರೆ’ ಎಂದು ಸುದ್ದಿ ಬಂತು. ಪ್ರಮಾಣಪತ್ರವನ್ನೂ ತೋರಿಸಿದರು. ಇದನ್ನು ಶೋಧ ಎನ್ನಬಹುದೇ? ಮಕ್ಕಳೇ ಹೆಸರಿಡಬಹುದೇ?
— ವಿಜ್ಞಾನ ಶಿಕ್ಷಕರು, ಹಾಸನ ಜಿಲ್ಲೆ

ಉತ್ತರ: ಪ್ರಮಾಣಪತ್ರದಲ್ಲಿ ಯಾವ ಪದ ಇದೆ ನೋಡಿ. ‘ಪ್ರಾಥಮಿಕ’ ಎಂದಿದ್ದರೆ, ಒಂದು ರಾತ್ರಿಯ ಚಿತ್ರಗಳಲ್ಲಿ ಚಲಿಸುವ ಚುಕ್ಕೆಯೊಂದನ್ನು ಮಕ್ಕಳು ಗುರುತಿಸಿ ವರದಿ ಮಾಡಿದ್ದಾರೆ ಎಂದಷ್ಟೇ ಅರ್ಥ. ‘ತಾತ್ಕಾಲಿಕ’ ಎಂದಿದ್ದರೆ ಅದು ಒಂದು ಮೆಟ್ಟಿಲು ಮೇಲೆ: ಅದೇ ಚುಕ್ಕೆ ಇನ್ನೊಂದು ರಾತ್ರಿಯೂ ಸಿಕ್ಕಿದೆ, ಅದಕ್ಕೊಂದು ತಾತ್ಕಾಲಿಕ ಗುರುತು ಬಿದ್ದಿದೆ. ಸಂಖ್ಯೆ, ಅಂದರೆ ಶಾಶ್ವತ ಕ್ರಮಾಂಕ, ಅದರಾಚೆಯ ಮಾತು, ಹೆಸರು ಸಂಖ್ಯೆಗಿಂತಲೂ ಆಚೆಯದು. ಮಗು ಹುಟ್ಟಿದ ಹನ್ನೊಂದನೇ ದಿನಕ್ಕೆ ನಾಮಕರಣ ಮಾಡುವ ನಮಗೆ ಇದು ವಿಚಿತ್ರವಾಗಿ ಕಾಣುತ್ತದೆ. ಇಲ್ಲಿ ಮಾತ್ರ ಕೂಸು ಇನ್ನು ಕಳೆದುಹೋಗುವುದಿಲ್ಲ ಎಂದು ಖಾತ್ರಿಯಾದ ಮೇಲೆಯೇ ತೊಟ್ಟಿಲು.

ಖಾತ್ರಿ ಮಾಡುವುದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಜ್‌ನಲ್ಲಿರುವ ಮೈನರ್ ಪ್ಲಾನೆಟ್ ಸೆಂಟರ್. ಜಗತ್ತಿನ ಎಲ್ಲ ವೀಕ್ಷಣಾಲಯಗಳ ಅಳತೆಗಳೂ ಅಲ್ಲಿಗೇ ಹೋಗುತ್ತವೆ. ಮುಖ್ಯ ಪಟ್ಟಿಯ, ಅಂದರೆ ಮಂಗಳ ಮತ್ತು ಗುರುವಿನ ನಡುವಿನ ಕ್ಷುದ್ರಗ್ರಹಕ್ಕೆ ಸಂಖ್ಯೆ ಸಿಗಬೇಕಾದರೆ ಸಾಮಾನ್ಯವಾಗಿ ನಾಲ್ಕು ವಿಯುತಿಗಳಲ್ಲಿ ಅದು ಕಂಡಿರಬೇಕು. ವಿಯುತಿ ಎಂದರೆ ಭೂಮಿಯಿಂದ ನೋಡಿದಾಗ ಅದು ಸೂರ್ಯನಿಗೆ ನೇರ ಎದುರು ನಿಲ್ಲುವ ಕಾಲ. ಆಗ ಸೂರ್ಯ ಮುಳುಗುವ ಹೊತ್ತಿಗೆ ಅದು ಹುಟ್ಟುತ್ತದೆ, ನಡುರಾತ್ರಿ ನೆತ್ತಿಯ ಕಡೆಗಿರುತ್ತದೆ. ಇಂಥ ಎರಡು ವಿಯುತಿಗಳ ನಡುವೆ ಹೆಚ್ಚುಕಡಿಮೆ ಹದಿನಾರು ತಿಂಗಳು. ನಾಲ್ಕು ವಿಯುತಿ ಎಂದರೆ ನಡುವೆ ಮೂರು ಅಂತರ, ಹಾಗಾಗಿ ನಾಲ್ಕು ವರ್ಷ. ಹಳೆಯ ಚಿತ್ರಗಳಲ್ಲಿ ಅದೇ ವಸ್ತು ಮೊದಲೇ ದಾಖಲಾಗಿದ್ದರೆ ಬೇಗ ಆದೀತು. ನಡುವೆ ಒಂದು ವಿಯುತಿ ತಪ್ಪಿದರೆ ಇನ್ನೂ ತಡ. ಹೈಸ್ಕೂಲಿನಲ್ಲಿ ವರದಿ ಮಾಡಿದವರು ಡಿಗ್ರಿ ಮುಗಿಸುವ ಹೊತ್ತಿಗೆ ಸಂಖ್ಯೆ ಬಂದರೆ ತಡವಾಯಿತೆಂದು ಕೊರಗಬೇಕಿಲ್ಲ.

ಶೋಧಕರು ಯಾರು ಎಂಬುದೂ ಅಂತಿಮವಾಗಿ ತೀರ್ಮಾನವಾಗುವುದು ಸಂಖ್ಯೆ ಕೊಡುವಾಗಲೇ. 2010ರ ಅಕ್ಟೋಬರಿನಿಂದ ನಿಯಮ ಹೀಗಿದೆ: ಯಾವ ವಿಯುತಿಯಲ್ಲಿ ಎರಡನೇ ರಾತ್ರಿಯ ವೀಕ್ಷಣೆ ಎಲ್ಲಕ್ಕಿಂತ ಮೊದಲು ವರದಿಯಾಯಿತೋ, ಆ ವಿಯುತಿಯಲ್ಲಿ ಮೊದಲು ವರದಿ ಕಳಿಸಿದವರೇ ಶೋಧಕರು. ಅದಕ್ಕೂ ಹಿಂದೆ ಯಾರೋ ಒಂದೇ ಒಂದು ರಾತ್ರಿ ನೋಡಿ ಬಿಟ್ಟಿದ್ದರೆ ಅವರ ಅಳತೆ ಕಕ್ಷೆಯ ಲೆಕ್ಕಕ್ಕೆ ಬರುತ್ತದೆ, ಶ್ರೇಯಕ್ಕೆ ಬರುವುದಿಲ್ಲ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಬಿಡೋಣ. ‘ಬೆಂಗಳೂರಿನ ವಿದ್ಯಾರ್ಥಿಯ ಹೆಸರು ಕ್ಷುದ್ರಗ್ರಹಕ್ಕೆ’ ಎಂಬ ಸುದ್ದಿಗಳು ಬೇರೆಯೇ ಜಾತಿ. ಅಮೆರಿಕದ ಲಿಂಕನ್ ಲ್ಯಾಬೊರೇಟರಿಯ ಲಿನಿಯರ್ ದೂರದರ್ಶಕಗಳು ಕಂಡ ಕ್ಷುದ್ರಗ್ರಹಗಳಿಗೆ, ಅಂತಾರಾಷ್ಟ್ರೀಯ ವಿಜ್ಞಾನ ಮೇಳದಲ್ಲಿ ಬಹುಮಾನ ಗೆದ್ದ ಮಕ್ಕಳ ಹೆಸರಿಟ್ಟ ಯೋಜನೆಯೊಂದರ ಫಲ ಇವು. ಅಲ್ಲಿ ವಿದ್ಯಾರ್ಥಿ ಆಕಾಶ ನೋಡಿರಬೇಕೆಂದೇ ಇಲ್ಲ. ನೀರಿನ ಮಾಲಿನ್ಯದ ಮೇಲೆ ಕೆಲಸ ಮಾಡಿದ್ದರೂ ಆದೀತು. ಗೌರವ ನಿಜ, ಶೋಧ ಅವರದಲ್ಲ.

ಪ್ರಶ್ನೆ: ಏಷ್ಯಾ ಖಂಡದಲ್ಲಿ ಮೊದಲು ಪತ್ತೆಯಾದ ಕ್ಷುದ್ರಗ್ರಹದ ಹೆಸರೇ ‘ಏಷ್ಯಾ’, ಅದನ್ನು ಕಂಡದ್ದು ಮದ್ರಾಸಿನಿಂದ ಎಂದು ಓದಿದೆ. ಆಗಿನ ಕಾಲದಲ್ಲಿ ಕ್ಯಾಮೆರಾ ಇಲ್ಲದೆ ಹೇಗೆ ಕಂಡರು?
— ನಿವೃತ್ತ ಅಧ್ಯಾಪಕಿ, ಮೈಸೂರು

ಉತ್ತರ: ಓದಿದ್ದು ಸರಿ. 67 ಏಷ್ಯಾ ಕಂಡದ್ದು 1861ರ ಏಪ್ರಿಲ್ 17ರಂದು, ಮದ್ರಾಸಿನ ನುಂಗಂಬಾಕ್ಕಂನಲ್ಲಿದ್ದ ವೀಕ್ಷಣಾಲಯದಲ್ಲಿ. ಕಂಡವರು ನಾರ್ಮನ್ ಪಾಗ್ಸನ್. ಅವರು ಅಲ್ಲಿ ಸರ್ಕಾರಿ ಖಗೋಳಜ್ಞರಾಗಿ ಬಂದು ಆಗಿನ್ನೂ ಕೆಲವೇ ವಾರಗಳಾಗಿದ್ದವು. ಆಕ್ಸ್‌ಫರ್ಡ್‌ನಲ್ಲಿದ್ದಾಗ 42 ಐಸಿಸ್, 43 ಅರಿಯಾಡ್ನೆ, 46 ಹೆಸ್ಟಿಯಾ ಎಂಬ ಮೂರನ್ನು ಆಗಲೇ ಕಂಡಿದ್ದರಿಂದ ಕೈ ಪಳಗಿತ್ತು. ಮದ್ರಾಸಿನಿಂದ ಮುಂದೆ 80 ಸ್ಯಾಫೊ (1864), 87 ಸಿಲ್ವಿಯಾ (1866), 107 ಕಮಿಲ್ಲಾ (1868), 245 ವೇರಾ (1885) ಕೂಡ ಸಿಕ್ಕವು. ನಕ್ಷತ್ರಗಳ ಕಾಂತಿಮಾನ (ಹೊಳಪಿನ ಅಳತೆ, ಅಂಕ ಹೆಚ್ಚಾದಷ್ಟೂ ಮಂಕು) ಐದು ಅಂಕ ಏರಿದರೆ ಬೆಳಕು ಸರಿಯಾಗಿ ನೂರರಲ್ಲೊಂದು ಪಾಲು ಎಂಬ, ಇಂದಿಗೂ ಬಳಕೆಯಲ್ಲಿರುವ ಅಳತೆಯೂ ಇದೇ ಪಾಗ್ಸನ್‌ರದು.

ವಿಧಾನ ಕೇಳಿದರೆ ಸರಳ, ಮಾಡಿದವರಿಗೇ ಗೊತ್ತು ಕಷ್ಟ. ಕ್ಷುದ್ರಗ್ರಹಗಳು ಹೆಚ್ಚಾಗಿ ಓಡಾಡುವುದು ಕ್ರಾಂತಿವೃತ್ತದ ಅಕ್ಕಪಕ್ಕ, ನಮ್ಮ ರಾಶಿಗಳಿರುವ ಪಟ್ಟೆಯಲ್ಲಿ. ಆ ಪಟ್ಟೆಯ ಒಂದೊಂದು ತುಂಡಿಗೂ ಹತ್ತು–ಹನ್ನೊಂದನೆಯ ಕಾಂತಿಮಾನದವರೆಗಿನ ಪ್ರತಿ ನಕ್ಷತ್ರ ಗುರುತಿಸಿದ ನಕಾಶೆ ಬೇಕು. ನಕಾಶೆ ಒಂದು ಕಣ್ಣಿಗೆ, ದೂರದರ್ಶಕ ಇನ್ನೊಂದು ಕಣ್ಣಿಗೆ. ನಕಾಶೆಯಲ್ಲಿಲ್ಲದ ಚುಕ್ಕೆ ಕಂಡರೆ ಹತ್ತಿರದ ಗೊತ್ತಿರುವ ನಕ್ಷತ್ರದಿಂದ ಅದರ ದೂರವನ್ನು ದೂರದರ್ಶಕಕ್ಕೆ ಜೋಡಿಸಿದ ಮೈಕ್ರೊಮೀಟರ್ ಎಂಬ ಅಳತೆ ಸಾಧನದ ತೆಳು ಎಳೆಗಳ ನಡುವೆ ಅಳೆದು ಬರೆದುಕೊಳ್ಳಬೇಕು, ಒಂದೆರಡು ಗಂಟೆ ಬಿಟ್ಟು ಮತ್ತೆ ಅಳೆಯಬೇಕು. ಏಷ್ಯಾದಂಥ ಕ್ಷುದ್ರಗ್ರಹ ವಿಯುತಿಯ ಹೊತ್ತಿಗೆ ಗಂಟೆಗೆ ಸುಮಾರು 37 ವಿಕಲೆ ಸರಿಯುತ್ತದೆ. (ಡಿಗ್ರಿಗೆ 60 ಕಲೆ, ಕಲೆಗೆ 60 ವಿಕಲೆ. ಪಂಚಾಂಗ ನೋಡುವವರಿಗೆ ಗೊತ್ತು. ಆರ್ಕ್ ಸೆಕೆಂಡ್ ಎನ್ನುವುದೂ ಇದನ್ನೇ.) ಬರಿಗಣ್ಣಿಗೆ ಏನೂ ಅಲ್ಲದ ಈ ಚಲನೆ ಮೈಕ್ರೊಮೀಟರಿಗೆ ಧಾರಾಳ. ಎಷ್ಟೋ ಸಲ ಚುಕ್ಕೆ ಕದಲುತ್ತಿರಲಿಲ್ಲ. ನಕಾಶೆ ಬರೆದವನೇ ನಕ್ಷತ್ರ ಬಿಟ್ಟಿರುತ್ತಿದ್ದ, ಇಲ್ಲವೇ ಅದು ಆಗಷ್ಟೇ ಬೆಳಗಿದ ಚಂಚಲ ನಕ್ಷತ್ರವಾಗಿರುತ್ತಿತ್ತು. ಫೋಟೊ ತೆಗೆದು ಕ್ಷುದ್ರಗ್ರಹ ಹಿಡಿಯುವುದು ಶುರುವಾದದ್ದು 1891ರ ಡಿಸೆಂಬರಿನಲ್ಲಿ, ಹೈಡೆಲ್‌ಬರ್ಗ್‌ನ ಮ್ಯಾಕ್ಸ್ ವುಲ್ಫ್ 323 ಬ್ರೂಸಿಯಾ ಕಂಡಾಗ. ಪಾಗ್ಸನ್ ಅದೇ ವರ್ಷ ತೀರಿಕೊಂಡಿದ್ದರು.

ಕಂಡದ್ದನ್ನು ಲೋಕಕ್ಕೆ ತಿಳಿಸುವುದೂ ಸುಲಭವಿರಲಿಲ್ಲ. 1861ರಲ್ಲಿ ಭಾರತಕ್ಕೂ ಇಂಗ್ಲೆಂಡಿಗೂ ತಂತಿ ಸಂಪರ್ಕವಿಲ್ಲ, ಸೂಯೆಜ್ ಕಾಲುವೆಯೂ ತೆರೆದಿಲ್ಲ. ಪತ್ರ ಹಡಗು ಹತ್ತಬೇಕು. ಅಷ್ಟರಲ್ಲಿ ಯೂರೋಪಿನ ಇನ್ನೊಬ್ಬರು ಅದನ್ನೇ ಕಂಡು ಹೆಸರಿಟ್ಟುಬಿಟ್ಟರೆ ಮಾಡುವುದೇನೂ ಇರಲಿಲ್ಲ.

ಹೆಸರಿನಲ್ಲೂ ಒಂದು ಜಾಣತನವಿದೆ. ಆಗಿನ ಸಂಪ್ರದಾಯ ಗ್ರೀಕ್–ರೋಮನ್ ಪುರಾಣದ ಹೆಣ್ಣು ಹೆಸರುಗಳದು. 1850ರಲ್ಲಿ ಲಂಡನ್ನಿನ ಜೆ. ಆರ್. ಹೈಂಡ್ ತಾವು ಕಂಡದ್ದಕ್ಕೆ ‘ವಿಕ್ಟೋರಿಯಾ’ ಎಂದಾಗ, ಬದುಕಿರುವ ರಾಣಿಯ ಹೆಸರು ಸಲ್ಲದು ಎಂದು ಅಮೆರಿಕದ ಕೆಲವರು ‘ಕ್ಲಿಯೊ’ ಎಂದು ಕರೆಯತೊಡಗಿದ್ದರು. ವಿಕ್ಟೋರಿಯಾ ರೋಮನ್ನರ ಜಯದೇವತೆಯೂ ಹೌದು ಎಂಬ ಸಮಜಾಯಿಷಿ ಕೊನೆಗೆ ಗೆದ್ದಿತು. ‘ಏಷ್ಯಾ’ ಕೂಡ ಹಾಗೆಯೇ: ಖಂಡದ ಹೆಸರೂ ಹೌದು, ಗ್ರೀಕ್ ಪುರಾಣದ ಜಲಕನ್ಯೆಯೊಬ್ಬಳ ಹೆಸರೂ ಹೌದು.

ಮದ್ರಾಸಿನ ಆ ವೀಕ್ಷಣಾಲಯದ ಕೆಲಸ 1899ರ ಹೊತ್ತಿಗೆ ಕೊಡೈಕೆನಾಲಿಗೆ ಹೋಯಿತು. ಅದರ ವಾರಸುದಾರ ಸಂಸ್ಥೆಯೇ ಬೆಂಗಳೂರು ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ. ವೇರಾ ನಂತರ ಶತಮಾನದಷ್ಟು ಕಾಲ ಖಾಲಿಯಿದ್ದ ಭಾರತದ ಲೆಕ್ಕಕ್ಕೆ 1988ರಲ್ಲಿ ಮತ್ತೆ ಒಂದು ಸೇರಿದ್ದು ಇದೇ ಸಂಸ್ಥೆಯ, ತಮಿಳುನಾಡಿನ ಕಾವಲೂರು ವೀಕ್ಷಣಾಲಯದಿಂದ. ಆರ್. ರಾಜಮೋಹನ್ ಅಲ್ಲಿನ ಶ್ಮಿಟ್ ದೂರದರ್ಶಕದಲ್ಲಿ ಕಂಡ ಅದು ಈಗ 4130 ರಾಮಾನುಜನ್, ಗಣಿತಜ್ಞ ಶ್ರೀನಿವಾಸ ರಾಮಾನುಜನ್ ನೆನಪಿಗೆ.

ಪ್ರಶ್ನೆ: ಕೆಲವೇ ರಾತ್ರಿಗಳ ಚುಕ್ಕೆಗಳಿಂದ ವರ್ಷಗಟ್ಟಲೆ ಸುತ್ತುವ ಕಕ್ಷೆ ಹೇಗೆ ಸಿಗುತ್ತದೆ? ಪಿಯುಸಿ ಗಣಿತದಲ್ಲಿ ಅರ್ಥವಾಗುವಂತೆ ಹೇಳಿ.
— ವಿದ್ಯಾರ್ಥಿನಿ, ಧಾರವಾಡ

ಉತ್ತರ: ಕಕ್ಷೆಯೊಂದನ್ನು ಪೂರ್ತಿ ಹೇಳಲು ಆರು ಸಂಖ್ಯೆ ಬೇಕು. ಅಂಡವೃತ್ತದ ಗಾತ್ರಕ್ಕೆ ಅರೆ ದೀರ್ಘಾಕ್ಷ, ಚಪ್ಪಟೆತನಕ್ಕೆ ಉತ್ಕೇಂದ್ರತೆ. ಭೂಮಿಯ ಕಕ್ಷಾತಲಕ್ಕೆ ಅದು ಎಷ್ಟು ಓರೆ ಎಂಬುದು ಮೂರನೆಯದು. ಆ ತಲವನ್ನು ದಾಟಿ ಮೇಲೇರುವ ಬಿಂದು ಯಾವ ದಿಕ್ಕಿಗಿದೆ ಎಂಬುದು ನಾಲ್ಕನೆಯದು. ಚಂದ್ರನ ಕಕ್ಷೆಗೆ ಇದನ್ನೇ ನಾವು ರಾಹು ಎನ್ನುವುದು. ಸೂರ್ಯನಿಗೆ ಅತಿ ಹತ್ತಿರದ ಬಿಂದು ಯಾವ ಕಡೆಗೆ, ಮತ್ತು ಇಂಥ ದಿನ ವಸ್ತು ಕಕ್ಷೆಯಲ್ಲಿ ಎಲ್ಲಿತ್ತು—ಇವೆರಡು ಸೇರಿದರೆ ಆರು. ಒಂದು ವೀಕ್ಷಣೆಯಿಂದ ಸಿಗುವುದು ಆಕಾಶದ ಮೇಲಿನ ಎರಡು ಕೋನಗಳು ಮಾತ್ರ, ದೂರ ಸಿಗುವುದಿಲ್ಲ. ಆದ್ದರಿಂದ ಮೂರು ವೀಕ್ಷಣೆ, ಆರು ಸಮೀಕರಣ, ಆರು ಅಜ್ಞಾತ.

ಕಾಗದದ ಮೇಲೆ ಇಷ್ಟೇ. ಆದರೆ ಮೂರು ವೀಕ್ಷಣೆಗಳೂ ಒಂದೇ ರಾತ್ರಿಯವಾದರೆ ಮೂರು ಚುಕ್ಕೆಗಳು ಬಹುತೇಕ ನೇರ ಗೆರೆಯಲ್ಲಿ ಬೀಳುತ್ತವೆ, ಬಾಗು ಕಾಣುವುದಿಲ್ಲ. ಹತ್ತಿರದಲ್ಲಿ ನಿಧಾನವಾಗಿ ಹೋಗುವ ಕಲ್ಲಿಗೂ ದೂರದಲ್ಲಿ ವೇಗವಾಗಿ ಹೋಗುವ ಕಲ್ಲಿಗೂ ಅದೇ ಗೆರೆ ಹೊಂದುತ್ತದೆ. ಅರ್ಧ ವಿಕಲೆಯ ಅಳತೆದೋಷ ಸಾಕು, ಉತ್ತರ ಎಲ್ಲಿಂದೆಲ್ಲಿಗೋ ಹಾರುತ್ತದೆ. ಬಾಗು ಕಾಣಲು ವಾರಗಳ ಕಮಾನು ಬೇಕು.

ಇದರ ಹೆಸರಾಂತ ಪರೀಕ್ಷೆ ಮೊಟ್ಟಮೊದಲ ಕ್ಷುದ್ರಗ್ರಹದ ಮೇಲೆಯೇ ನಡೆಯಿತು. 1801ರ ಜನವರಿ 1ರಂದು ಸಿಸಿಲಿಯ ಪಲೆರ್ಮೊದಲ್ಲಿ ಜುಸೆಪ್ಪೆ ಪಿಯಾಜಿ ಸೀರೀಸ್ ಕಂಡರು. ಫೆಬ್ರುವರಿ 11ರವರೆಗೆ ಅಳೆದರು, ಆಮೇಲೆ ಅದು ಸೂರ್ಯನ ಬೆಳಕಿನಲ್ಲಿ ಮರೆಯಾಯಿತು. ಕೈಯಲ್ಲಿದ್ದದ್ದು ಆಕಾಶದ ಮೂರು ಡಿಗ್ರಿಯಷ್ಟರ ತುಂಡು. 24ರ ಹರೆಯದ ಗಣಿತಜ್ಞ ಗೌಸ್ ಆ ಅಳತೆಗಳಲ್ಲಿ ಮೊದಲಿನದು, ನಡುವಿನದು, ಕೊನೆಯದು ಹೀಗೆ ಮೂರನ್ನು ಆರಿಸಿ ಕಕ್ಷೆ ಕಟ್ಟಿದರು. ವರ್ಷದ ಕೊನೆಯ ರಾತ್ರಿ ಖಗೋಳಜ್ಞ ಫಾನ್ ಜಾಕ್, ಮರುರಾತ್ರಿ ಇನ್ನೊಬ್ಬ ಖಗೋಳಜ್ಞ ಓಲ್ಬರ್ಸ್, ಗೌಸ್ ಹೇಳಿದ ಜಾಗದ ಹತ್ತಿರವೇ ಸೀರೀಸ್ ಕಂಡರು. ಗೌಸ್ ವಿಧಾನದ ತಿರುಳು ಇಂದಿನ ಕಂಪ್ಯೂಟರ್ ಪ್ರೋಗ್ರಾಮುಗಳಲ್ಲೂ ಇದೆ.

ಎಡವಿದ ಉದಾಹರಣೆಯೂ ಗೊತ್ತಿರಲಿ. 1911ರಲ್ಲಿ ವಿಯೆನ್ನಾದಲ್ಲಿ ಯೋಹಾನ್ ಪಲೀಸಾ ಕಂಡ 719 ಆಲ್ಬರ್ಟ್‌ಗೆ ಅವಸರದಲ್ಲಿ ಸಂಖ್ಯೆ, ಹೆಸರು ಎರಡನ್ನೂ ಕೊಟ್ಟರು. ಕಕ್ಷೆ ಕಚ್ಚಾ ಆಗಿತ್ತು. ಮತ್ತೆ ಸಿಕ್ಕಿದ್ದು 2000ದಲ್ಲಿ! ನಡುವಿನ 89 ವರ್ಷ ಪಟ್ಟಿಯಲ್ಲಿ ಹೆಸರಿತ್ತು, ಸಂಖ್ಯೆಯಿತ್ತು, ಕ್ಷುದ್ರಗ್ರಹವೇ ಇರಲಿಲ್ಲ. ನಾಲ್ಕು ವಿಯುತಿ ಎಂಬ ಈಗಿನ ಬಿಗಿ ಏಕೆಂದು ಇದರಿಂದಲೇ ತಿಳಿಯುತ್ತದೆ.

ನೀವೇ ಮಾಡಿ ನೋಡಬಹುದಾದ ಲೆಕ್ಕ: ಏಷ್ಯಾದ ಅರೆ ದೀರ್ಘಾಕ್ಷ 2.42 ಖಗೋಳಮಾನ (ಭೂಮಿ–ಸೂರ್ಯರ ಸರಾಸರಿ ದೂರ ಒಂದು ಖಗೋಳಮಾನ). ಕೆಪ್ಲರ್ ನಿಯಮದ ಪ್ರಕಾರ (ಅರೆ ದೀರ್ಘಾಕ್ಷದ ಘನ, ಸುತ್ತಲು ಹಿಡಿಯುವ ವರ್ಷಗಳ ವರ್ಗಕ್ಕೆ ಸಮ) ಅದರ ಘನ 14.17, ಅದರ ವರ್ಗಮೂಲ 3.76, ಅಂದರೆ ಅಲ್ಲಿನ ಒಂದು ವರ್ಷ ನಮ್ಮ 3 ವರ್ಷ 9 ತಿಂಗಳು. ಉತ್ಕೇಂದ್ರತೆ 0.185. ಇದನ್ನು 1ರಿಂದ ಕಳೆದು 2.42ರಿಂದ ಗುಣಿಸಿದರೆ ಅತಿ ಹತ್ತಿರದ ದೂರ 1.97, ಕೂಡಿ ಗುಣಿಸಿದರೆ ಅತಿ ದೂರ 2.87. ಕಕ್ಷೆಯ ಓರೆ 6 ಡಿಗ್ರಿ. ವಿಯುತಿಗಳ ಅಂತರಕ್ಕೆ 3.76ನ್ನು 2.76ರಿಂದ ಭಾಗಿಸಿ: 1.36 ವರ್ಷ. ಮೇಲೆ ಹೇಳಿದ ಹದಿನಾರು ತಿಂಗಳು ಬಂದದ್ದು ಹೀಗೆ.

ಪ್ರಶ್ನೆ: ಏಷ್ಯಾ ಭೂಮಿಗೆ ಬಡಿಯುವ ಸಾಧ್ಯತೆ ಇದೆಯೇ? — ಓದುಗರು, ಬಳ್ಳಾರಿ

ಉತ್ತರ: ಇಲ್ಲ. ಮೇಲಿನ 1.97 ನೋಡಿ, ನಾವಿರುವುದು 1ರಲ್ಲಿ.

ಪ್ರಶ್ನೆ: ‘2024 ವೈಆರ್4’ ಎಂದು ಟಿವಿಯಲ್ಲಿ ದಿನಾ ಹೇಳುತ್ತಿದ್ದರಲ್ಲ, ಆ ಅಕ್ಷರಗಳ ಅರ್ಥವೇನು? — ಓದುಗರು, ಉಡುಪಿ

ಉತ್ತರ: ಅದು ಮುಖ್ಯ ಪಟ್ಟಿಯದಲ್ಲ, ಭೂಮಿಯ ಹತ್ತಿರ ಹಾಯುವಂಥದು, ಗುರುತಿನ ಪದ್ಧತಿ ಮಾತ್ರ ಎಲ್ಲಕ್ಕೂ ಒಂದೇ. ವರ್ಷವನ್ನು 24 ಅರ್ಧ ತಿಂಗಳುಗಳಾಗಿ ಮಾಡಿ ಇಂಗ್ಲಿಷ್ ಅಕ್ಷರ ಕೊಡುತ್ತಾರೆ: ಎ ಎಂದರೆ ಜನವರಿ 1–15, ಬಿ ಎಂದರೆ 16–31, ಹೀಗೆ. ಒಂದರಂತೆ ಕಾಣುವ ‘ಐ’ ಬಿಟ್ಟು, ಜೆಡ್ ಬಳಸದೆ, ವೈ ಬರುವುದು ಡಿಸೆಂಬರ್ 16–31ಕ್ಕೆ. ಎರಡನೇ ಅಕ್ಷರ ಆ ಅವಧಿಯೊಳಗಿನ ಕ್ರಮ. ಇಲ್ಲಿ ‘ಐ’ ಒಂದನ್ನು ಬಿಟ್ಟು 25 ಅಕ್ಷರ. 25 ಮುಗಿದರೆ ಮತ್ತೆ ಎಯಿಂದ ಶುರು, ಪಕ್ಕದ ಅಂಕಿ ಎಷ್ಟು ಸುತ್ತು ಮುಗಿದಿದೆ ಎನ್ನುತ್ತದೆ. ಆರ್ ಹದಿನೇಳನೆಯದು. ನಾಲ್ಕು ಸುತ್ತಿಗೆ 100, ಮೇಲೆ 17. ಆ ಅರ್ಧ ತಿಂಗಳಲ್ಲಿ ಗುರುತು ಪಡೆದ 117ನೆಯದು ಎಂದಾಯಿತು.

ಪ್ರಶ್ನೆ: ಮೊಮ್ಮಗಳ ಮೊದಲ ಹುಟ್ಟುಹಬ್ಬಕ್ಕೆ ಒಂದು ಕ್ಷುದ್ರಗ್ರಹಕ್ಕೆ ಅವಳ ಹೆಸರಿಡಿಸಬೇಕೆಂದಿದ್ದೇನೆ. ಹಣ ಕಟ್ಟಿದರೆ ಪ್ರಮಾಣಪತ್ರ ಕೊಡುವವರಿದ್ದಾರೆ. ನಂಬಬಹುದೇ? — ಓದುಗರು, ದಾವಣಗೆರೆ

ಉತ್ತರ: ಹಣ ಕಟ್ಟಬೇಡಿ. ಅಧಿಕೃತ ಹೆಸರು ಮಾರಾಟಕ್ಕಿಲ್ಲ. ಕೊಟ್ಟದ್ದು ಒಳ್ಳೆಯ ಕಾಗದದ ಮೇಲಿನ ಮುದ್ರಣವಷ್ಟೇ ಆಗಿರುತ್ತದೆ. ಆ ದುಡ್ಡಿಗೆ ಒಂದು ಬೈನಾಕ್ಯುಲರ್ ಬರುತ್ತದೆ, ಅದರ ಉಪಯೋಗ ಕೊನೆಯ ಉತ್ತರದಲ್ಲಿದೆ.

ಹೆಸರು ಸೂಚಿಸುವ ಹಕ್ಕು ಶೋಧಕರದು, ಸಂಖ್ಯೆ ಬಂದ ಮೇಲೆ ಹತ್ತು ವರ್ಷದವರೆಗೆ. ಒಪ್ಪುವುದು, ಬಿಡುವುದು ಅಂತಾರಾಷ್ಟ್ರೀಯ ಖಗೋಳ ಒಕ್ಕೂಟದ ಸಮಿತಿ. ರೋಮನ್ ಲಿಪಿಯಲ್ಲಿ 16 ಅಕ್ಷರ ಮೀರಬಾರದು, ಆದಷ್ಟೂ ಒಂದೇ ಪದವಾಗಿರಬೇಕು, ಉಚ್ಚರಿಸಲು ಬರಬೇಕು, ಈಗಾಗಲೇ ಇರುವ ಹೆಸರನ್ನು ಹೋಲಬಾರದು. ರಾಜಕೀಯ ಅಥವಾ ಸೇನೆಯ ಕಾರಣಕ್ಕೆ ಹೆಸರಾದವರಾದರೆ ತೀರಿಕೊಂಡು ನೂರು ವರ್ಷ ಆಗಿರಬೇಕು. ನಮ್ಮಲ್ಲಿ ವೃತ್ತಗಳಿಗೆ ಹೆಸರಿಡುವಾಗಲೂ ಈ ನಿಯಮವಿದ್ದಿದ್ದರೆ ಚೆನ್ನಾಗಿತ್ತು. ವ್ಯಾಪಾರದ ಹೆಸರು ಸಲ್ಲದು. ಸಾಕುಪ್ರಾಣಿಯ ಹೆಸರನ್ನೂ ಪ್ರೋತ್ಸಾಹಿಸುವುದಿಲ್ಲ: 2309 ಮಿಸ್ಟರ್ ಸ್ಪಾಕ್ ಎಂಬುದು ಶೋಧಕರ ಬೆಕ್ಕಿನ ಹೆಸರೆಂದು ತಿಳಿದು ಗದ್ದಲವಾದ ಮೇಲೆ ಬಂದ ಎಚ್ಚರ ಇದು. ಸಂಖ್ಯೆ ಪಡೆದವು ಏಳು ಲಕ್ಷಕ್ಕೂ ಮಿಕ್ಕಿದ್ದರೂ ಹೆಸರಿರುವುದು ಸುಮಾರು ಇಪ್ಪತ್ತೈದು ಸಾವಿರಕ್ಕೆ ಮಾತ್ರ.

ಪ್ರಶ್ನೆ: ನಮ್ಮ ಕಾಲೇಜಿನ ತಂಡ ಕ್ಷುದ್ರಗ್ರಹ ಹುಡುಕುವ ಅಭಿಯಾನದಲ್ಲಿದೆ. ಪ್ಯಾನ್‌ಸ್ಟಾರ್ಸ್ ದೂರದರ್ಶಕದ ಚಿತ್ರಗಳನ್ನು ಆಸ್ಟ್ರೊಮೆಟ್ರಿಕಾ ಎಂಬ ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ನೋಡುತ್ತೇವೆ. ಹನ್ನೊಂದು ವರದಿ ಕಳಿಸಿದೆವು, ಒಂದೂ ನಿಲ್ಲಲಿಲ್ಲ. ಎಲ್ಲಿ ತಪ್ಪುತ್ತಿದ್ದೇವೆ? — ಬಿ.ಎಸ್ಸಿ. ವಿದ್ಯಾರ್ಥಿಗಳು, ತುಮಕೂರು

ಉತ್ತರ: ನೀವು ಕಳಿಸಿದ ಮೂರು ಚಿತ್ರಗುಚ್ಛ ಮತ್ತು ವರದಿಗಳನ್ನು ನೋಡಿದೆವು. ಮೊದಲ ತಪ್ಪು ಆಕಾಶದಲ್ಲಿಲ್ಲ, ನಿಮ್ಮ ಕಂಪ್ಯೂಟರಿನಲ್ಲಿದೆ: ಗೊತ್ತಿರುವ ಕ್ಷುದ್ರಗ್ರಹಗಳ ಕಕ್ಷೆಯ ಕಡತ ಹಳೆಯದು. ಅದು ಹಳೆಯದಾದರೆ ಇತ್ತೀಚೆಗೆ ಕಂಡವೆಲ್ಲ ‘ಹೊಸದು’ ಎಂದೇ ತೋರುತ್ತವೆ. ಪ್ರತಿ ಗುಚ್ಛ ತೆರೆಯುವ ಮುಂಚೆ ಆ ಕಡತ ಹೊಸದಾಗಿ ಇಳಿಸಿಕೊಳ್ಳಿ. ಹನ್ನೊಂದರಲ್ಲಿ ಐದು ಇದೇ ಕಾರಣಕ್ಕೆ ಬಿದ್ದಿವೆ.

ಉಳಿದವುಗಳಲ್ಲಿ ಎರಡು ಬಿಸಿ ಪಿಕ್ಸೆಲ್‌ಗಳು, ಅಂದರೆ ಬೆಳಕು ಬೀಳದಿದ್ದರೂ ಹೊಳೆಯುವ ಕ್ಯಾಮೆರಾದ ದೋಷದ ಬಿಂದುಗಳು. ಇವು ಕ್ಯಾಮೆರಾದ ಚಿಪ್ ಮೇಲೆ ಕದಲುವುದಿಲ್ಲ. ದೂರದರ್ಶಕ ಮಾತ್ರ ಒಂದು ಚಿತ್ರದಿಂದ ಇನ್ನೊಂದಕ್ಕೆ ಚೂರು ಸರಿದಿರುತ್ತದೆ. ನಕ್ಷತ್ರಗಳನ್ನು ಒಂದರ ಮೇಲೊಂದು ಕೂರಿಸಿದಾಗ ಪಿಕ್ಸೆಲ್ಲೇ ನಡೆದಂತೆ ಕಾಣುತ್ತದೆ. ಪತ್ತೆ ಮಾಡುವುದು ಸುಲಭ: ಚುಕ್ಕೆಯ ಅಗಲವನ್ನು ಅಕ್ಕಪಕ್ಕದ ನಕ್ಷತ್ರಗಳ ಅಗಲದೊಂದಿಗೆ ಹೋಲಿಸಿ. ಗಾಳಿಯನ್ನು ಹಾಯ್ದು ಬಂದ ಬೆಳಕೆಲ್ಲ ಒಂದೇ ಅಗಲಕ್ಕೆ ಹರಡುತ್ತದೆ. ಅದಕ್ಕಿಂತ ಚೂಪಾಗಿದ್ದರೆ ಅದು ಆಕಾಶದ್ದಲ್ಲ. ಬಾಹ್ಯಾಕಾಶದಿಂದ ಬಂದು ಚಿಪ್‌ಗೆ ಬಡಿಯುವ ಕಾಸ್ಮಿಕ್ ಕಿರಣದ ಗುರುತೂ ಚೂಪೇ, ಆದರೆ ಅದು ಒಂದೇ ಚಿತ್ರದಲ್ಲಿರುತ್ತದೆ. ನಾಲ್ಕು ಚಿತ್ರಗಳಲ್ಲಿ ಕ್ಯಾಮೆರಾದ ಗದ್ದಲದಿಂದ ಆಕಸ್ಮಿಕವಾಗಿ ಮೂಡಿದ ನಾಲ್ಕು ಬೇರೆ ಚುಕ್ಕೆಗಳನ್ನು ಜೋಡಿಸಿ ಒಂದು ಪಥ ಕಲ್ಪಿಸುವುದು ಕಣ್ಣಿನ ಹಳೆಯ ಚಾಳಿ. ನಿಮ್ಮ ಮೂರು ವರದಿಗಳು ಅಂಥವು.

ಅದಕ್ಕೆ ಮದ್ದು ಸಂಖ್ಯೆಗಳು. ಹದಿನೈದು ನಿಮಿಷಕ್ಕೊಂದು ಚಿತ್ರವಿದ್ದರೆ, ವಿಯುತಿಯ ಹತ್ತಿರದ ಮುಖ್ಯ ಪಟ್ಟಿಯ ವಸ್ತು ಪ್ರತಿ ಹೆಜ್ಜೆಗೆ ಒಂಬತ್ತು ವಿಕಲೆಯಷ್ಟು ಪಶ್ಚಿಮಕ್ಕೆ ಸರಿಯಬೇಕು. ಭೂಮಿ ಅದನ್ನು ಹಿಂದೆ ಹಾಕುವುದರಿಂದ ಈ ಹಿನ್ನಡೆ; ಪಂಚಾಂಗದ ವಕ್ರಗತಿ. ಹೆಜ್ಜೆಗಳು ಕಾಲಕ್ಕೆ ತಕ್ಕಂತೆ ಸಮವಾಗಿವೆಯೇ, ನಾಲ್ಕೂ ಬಿಂದು ಒಂದೇ ಗೆರೆಯಲ್ಲಿವೆಯೇ ಎಂದು ನೋಡಿ. ಯಾವುದಾದರೂ ಬಿಂದು ಗೆರೆಯಿಂದ ಅರ್ಧ ವಿಕಲೆಗಿಂತ ಹೊರಗಿದ್ದರೆ ಮರು ಅಳತೆ ಮಾಡಿ. ಒಂದು ಗಂಟೆಯೊಳಗೆ ಕಾಂತಿಮಾನ ಒಂದು ಪೂರ್ಣ ಅಂಕ ಜಿಗಿದರೆ ಅದು ಒಂದೇ ವಸ್ತುವಲ್ಲ ಎಂದೇ ತಿಳಿಯಿರಿ. ಆದರೆ ನಿಧಾನವಾಗಿ ಹೋಯಿತೆಂದು ಎಸೆಯಬೇಡಿ. ವಿಯುತಿಯಿಂದ ದೂರದ ದಿಕ್ಕಿನಲ್ಲಿ ತೆಗೆದ ಚಿತ್ರಗಳಲ್ಲಿ, ವಕ್ರಗತಿ ಮುಗಿದು ಮಾರ್ಗ ಬದಲಿಸುವ ಹೊತ್ತಿನಲ್ಲಿ, ಒಳ್ಳೆಯ ಕ್ಷುದ್ರಗ್ರಹವೂ ನಿಂತಂತೆ ಇರುತ್ತದೆ.

ಕೊನೆಯ ಒಂದು ವರದಿಯ ಚುಕ್ಕೆ ನಿಜದ್ದೇ, ಬಿದ್ದದ್ದು ಗುಮಾಸ್ತಿಕೆಯಲ್ಲಿ. ಹಳೆಯ ವರದಿ ನಮೂನೆಯಲ್ಲಿ ಸಾಲಿಗೆ 80 ಮನೆ. ನಿಮ್ಮ ತಾತ್ಕಾಲಿಕ ಗುರುತು 6ರಿಂದ 12ನೇ ಮನೆಯೊಳಗೆ, ಅಂದರೆ ಏಳು ಅಕ್ಷರದಲ್ಲಿ ಮುಗಿಯಬೇಕು. ನೀವು ಎಂಟು ಹಾಕಿ ಇಡೀ ಸಾಲನ್ನು ಬಲಕ್ಕೆ ತಳ್ಳಿದ್ದೀರಿ, ದಿನಾಂಕ ಓದಲಾಗದಂತಾಗಿದೆ. ಒಂದೇ ಗುರುತನ್ನು ಎರಡು ವಸ್ತುಗಳಿಗೆ ಕೊಡುವುದೂ ಅಷ್ಟೇ ಕೆಟ್ಟದ್ದು. ಸಾಲಿನ ಕೊನೆಯ ಮೂರು ಮನೆಗಳಲ್ಲಿ ಬರಬೇಕಾದದ್ದು ಚಿತ್ರ ತೆಗೆದ ವೀಕ್ಷಣಾಲಯದ ಸಂಕೇತ (ಪ್ಯಾನ್‌ಸ್ಟಾರ್ಸ್ 1ಕ್ಕೆ ಎಫ್51), ನಿಮ್ಮ ಕಾಲೇಜಿನದಲ್ಲ. ಕಾಲವನ್ನು ಎಕ್ಸ್‌ಪೋಷರಿನ ನಡುವಿಗೆ ಕೊಡಬೇಕು. ಕಡತದಲ್ಲಿರುವುದು ಆರಂಭದ ಸಮಯವೋ ನಡುವಿನದೋ ಎಂಬುದನ್ನು ಸೆಟ್ಟಿಂಗ್‌ನಲ್ಲಿ ಸರಿಯಾಗಿ ಹೇಳಿ. ಒಂದು ನಿಮಿಷ ತಪ್ಪಿದರೆ ಸ್ಥಾನ 0.6 ವಿಕಲೆ ತಪ್ಪುತ್ತದೆ.

ಪ್ರಶ್ನೆ: ಕ್ಷುದ್ರಗ್ರಹಗಳ ದೂರದ ಪಟ್ಟಿಯಲ್ಲಿ 2.5 ಖಗೋಳಮಾನದ ಹತ್ತಿರ ಬಾಚಣಿಗೆಯ ಹಲ್ಲು ಮುರಿದಂತೆ ಖಾಲಿ ಇದೆಯಲ್ಲ, ಏಕೆ? — ಓದುಗರು, ಕಲಬುರಗಿ

ಉತ್ತರ: ಅಲ್ಲಿರುವ ಕಲ್ಲು ಗುರು ಒಂದು ಸುತ್ತು ಬರುವಷ್ಟರಲ್ಲಿ ಸರಿಯಾಗಿ ಮೂರು ಸುತ್ತುತ್ತದೆ. ಗುರುವಿನ ಎಳೆತ ಪ್ರತಿ ಸಲವೂ ಅದೇ ತಾಳಕ್ಕೆ ಬೀಳುತ್ತದೆ, ಜೋಕಾಲಿ ಜೀಕಿದಂತೆ. ಉತ್ಕೇಂದ್ರತೆ ಏರುತ್ತ ಹೋಗಿ ಕಲ್ಲು ಮಂಗಳದ ಅಥವಾ ಭೂಮಿಯ ದಾರಿಗೆ ಬಂದು ಬೀಳುತ್ತದೆ. 2.82 ಮತ್ತು 3.28ರಲ್ಲೂ ಇಂಥ ಖಾಲಿಗಳಿವೆ. 1866ರಲ್ಲಿ ಇವನ್ನು ತೋರಿಸಿಕೊಟ್ಟ ಡೇನಿಯಲ್ ಕರ್ಕ್‌ವುಡ್ ಹೆಸರೇ ಅವಕ್ಕಿದೆ. ಖಾಲಿ ಇರುವುದು ಅರೆ ದೀರ್ಘಾಕ್ಷಗಳ ಪಟ್ಟಿಯಲ್ಲಿ. ಇವತ್ತಿನ ಸ್ಥಾನಗಳನ್ನು ಗುರುತು ಹಾಕಿದರೆ ಕಾಣುವುದಿಲ್ಲ, ಏಕೆಂದರೆ ಅಂಡಾಕಾರದ ಕಕ್ಷೆಯ ಕಲ್ಲುಗಳು ಆ ಜಾಗವನ್ನು ದಾಟಿ ಹೋಗಿ ಬಂದು ಮಾಡುತ್ತಲೇ ಇರುತ್ತವೆ.

ಪ್ರಶ್ನೆ: ಮನೆಯ ತಾರಸಿಯಿಂದ ಒಂದನ್ನಾದರೂ ನೋಡಬಹುದೇ? — ಗೃಹಿಣಿ, ಶಿವಮೊಗ್ಗ

ಉತ್ತರ: 10×50 ಬೈನಾಕ್ಯುಲರ್ ಇದ್ದರೆ ವೆಸ್ಟಾ ಧಾರಾಳವಾಗಿ ಸಿಗುತ್ತದೆ. ವಿಯುತಿಯಲ್ಲಿ ಅದು ಆರನೇ ಕಾಂತಿಮಾನದ ಆಸುಪಾಸು. ಅನುಕೂಲದ ವರ್ಷ, ಮಲೆನಾಡಿನ ಕಗ್ಗತ್ತಲಲ್ಲಿ ಬರಿಗಣ್ಣಿಗೂ ನಿಲುಕೀತು. ಸೀರೀಸ್ ಏಳರ ಹತ್ತಿರ. ಏಷ್ಯಾ ಒಳ್ಳೆಯ ವಿಯುತಿಯಲ್ಲೂ ಹತ್ತರ ಸಮೀಪ, ಅದಕ್ಕೆ ಆರು ಇಂಚಿನ ದೂರದರ್ಶಕ ಇಟ್ಟುಕೊಳ್ಳಿ.

ಸ್ಟೆಲೇರಿಯಂನಂಥ ಪ್ರೋಗ್ರಾಮಿನಲ್ಲಿ ವೆಸ್ಟಾ ಹುಡುಕಿ, ಕಕ್ಷೆಯ ಮಾಹಿತಿ ಈಚಿನದೆಂದು ಖಚಿತ ಮಾಡಿಕೊಳ್ಳಿ. ಹತ್ತಿರದ ಬರಿಗಣ್ಣಿನ ನಕ್ಷತ್ರದಿಂದ ಶುರುಮಾಡಿ ಬೈನಾಕ್ಯುಲರಿನಲ್ಲಿ ಹೆಜ್ಜೆಹೆಜ್ಜೆಯಾಗಿ ಆ ಜಾಗಕ್ಕೆ ಹೋಗಿ. ಬೈನಾಕ್ಯುಲರನ್ನು ಕೈಯಲ್ಲಿ ಹಿಡಿದರೆ ಚುಕ್ಕೆಗಳೆಲ್ಲ ಕುಣಿಯುತ್ತವೆ. ತಾರಸಿಯ ಕಟ್ಟೆಗೋ ಬಟ್ಟೆ ಒಣಹಾಕುವ ಕಂಬಕ್ಕೋ ಒತ್ತಿ ಹಿಡಿಯಿರಿ. ವೆಸ್ಟಾ ಯಾವುದೆಂದು ನೋಡಿದೊಡನೆ ಗೊತ್ತಾಗುವುದಿಲ್ಲ, ಎಲ್ಲವೂ ನಕ್ಷತ್ರದಂತೆಯೇ ಇರುತ್ತವೆ. ಹಾಗಾಗಿ ಕಾಣುವ ಏಳೆಂಟು ಚುಕ್ಕೆಗಳನ್ನು ಕಾಗದದ ಮೇಲೆ ಗುರುತಿಸಿ, ದಿನಾಂಕ ಬರೆದಿಡಿ. ಎರಡು ರಾತ್ರಿ ಬಿಟ್ಟು ಅದೇ ಹೊತ್ತಿಗೆ ಮತ್ತೆ ಬರೆಯಿರಿ. ಅಷ್ಟರಲ್ಲಿ ಅದು ಹುಣ್ಣಿಮೆ ಚಂದ್ರನ ಅಗಲದಷ್ಟು ಸರಿದಿರುತ್ತದೆ. ಹುಣ್ಣಿಮೆಯ ಹಿಂದುಮುಂದಿನ ನಾಲ್ಕು ದಿನ ಬಿಡಿ. ವೆಸ್ಟಾದ ವಿಯುತಿ ಹದಿನಾರೂವರೆ ತಿಂಗಳಿಗೊಮ್ಮೆ ಬರುವುದರಿಂದ ಕೆಲವು ಸಲ ಅದು ನಮ್ಮ ಮಳೆಗಾಲಕ್ಕೇ ಬೀಳುತ್ತದೆ. ಶಿವಮೊಗ್ಗದವರು ಆ ವರ್ಷ ಮುಂದಿನದಕ್ಕೆ ಕಾಯುವುದೇ ಸರಿ.